ಬೆರಳಿಗೆ ಮೂರು ವಾರ ರಜೆ

ಹಿಮ ಕರಗಿದ ಕೂಡಲೇ ಅತ್ತೆಗೆ ಮನೆ ಸಾಲುತ್ತಿರಲಿಲ್ಲ. ಚಳಿಗಾಲದ ಐದು ತಿಂಗಳು ಒಲೆಯ ಪಕ್ಕದಲ್ಲಿ ತಣ್ಣಗೆ ಕೂತಿರುತ್ತಿದ್ದ ಹೆಂಗಸು, ಸೂರಿನಿಂದ ಮೊದಲ ಹನಿ ತೊಟ್ಟಿಕ್ಕಿದ್ದೇ ತಡ, ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಓಡಾಡಲು ಶುರು ಮಾಡುತ್ತಿದ್ದರು. ಒಂದು ವರ್ಷ ಬೀರುವನ್ನು ಈ ಗೋಡೆಯಿಂದ ಆ ಗೋಡೆಗೆ ಸರಿಸಿದರೆ, ಮರುವರ್ಷ ಆ ಗೋಡೆಯಿಂದ ಈ ಗೋಡೆಗೆ. ಸೊಸೆ ಈ ಮನೆಗೆ ಬಂದ ಹದಿನಾರು ವರ್ಷಗಳಲ್ಲಿ ಆ ಬೀರು ಸುತ್ತಿದಷ್ಟು ಊರು ಮನೆಯವರು ಯಾರೂ ಸುತ್ತಿರಲಿಲ್ಲ.

ಈ ವರ್ಷ ಬೀರು ಅಲುಗಲಿಲ್ಲ. ಸೊಸೆಗೆ ಆಗಲೇ ಅನುಮಾನ ಬಂದಿತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಅತ್ತೆ, ಮಾವನ ತಟ್ಟೆಗೆ ಬೇಯಿಸಿದ ಆಲೂಗಡ್ಡೆ ಹಾಕುತ್ತ, ಉಪ್ಪು ಬೇಕಾ ಎಂದು ಕೇಳುವ ದನಿಯಲ್ಲೇ ಹೇಳಿದರು.

"ನಾನು ಫಾರಿನ್‌ಗೆ ಹೋಗ್ತಿದೀನಿ. ಬೇಸಿಗೆ ಶುರುವಲ್ಲಿ. ಹದಿನೈದು ದಿನ."

ಮಾವ ಆಲೂಗಡ್ಡೆ ನುಂಗಲಾರದೆ ನೀರು ಕುಡಿದರು. "ಯಾರ ಮನೆಗೆ?"

"ಯಾರ ಮನೆಗೂ ಅಲ್ಲ."

"ಯಾರೂ ಇಲ್ದೇ ಇರೋ ಊರಿಗೆ ಹೋಗಿ ಏನ್ ಮಾಡ್ತೀಯಮ್ಮ?" ಎಂದ ಮಗ.

"ಯಾರಾದ್ರೂ ಇರೋ ಊರಿಗೆ ಹೋದ್ರೆ ಅಲ್ಲೂ ಪಾತ್ರೆ ತೊಳೀಬೇಕು ಕಣೋ. ಅದಕ್ಕೇ ಯಾರೂ ಇಲ್ಲದ ಊರು ಹುಡುಕಿದೀನಿ."

ಮೊಮ್ಮಗಳು ಕಿಸಕ್ಕನೆ ನಕ್ಕಳು. ಅವಳಿಗೆ ಹದಿನಾಲ್ಕು, ಮನೆಯಲ್ಲಿ ಯಾರು ಜಗಳವಾಡಿದರೂ ಅವಳಿಗೆ ಅದು ಪುಕ್ಕಟೆ ನಾಟಕ.

ವಿಷಯ ಇಷ್ಟು. ಮೇಲಿನ ಬೀದಿಯಲ್ಲಿ ರಿಟೈರಾದ ಟೀಚರಮ್ಮ ಒಬ್ಬರಿದ್ದರು. ವರ್ಷಕ್ಕೊಮ್ಮೆ ಹತ್ತು ಹನ್ನೆರಡು ಹೆಂಗಸರನ್ನು ಕಟ್ಟಿಕೊಂಡು ಒಂದೊಂದು ದೇಶ ತಿರುಗಿ ಬರುವುದು ಅವರ ರೂಢಿ. ಈ ಸಲ ಹೊರಟಿದ್ದು ಸಮುದ್ರದ ದಂಡೆಯ ಊರುಗಳಿಗೆ. ಹೊರಡಬೇಕಿದ್ದ ಒಬ್ಬರಿಗೆ ಮೊಣಕಾಲಿನ ಆಪರೇಷನ್ ಆಗಿ ಒಂದು ಸೀಟು ಖಾಲಿ ಬಿದ್ದಿತ್ತು. ಅತ್ತೆ ಯಾರನ್ನೂ ಕೇಳದೆ ಆ ಸೀಟು ಹಿಡಿದಿದ್ದರು.

"ದೂರದ ಬೆಟ್ಟ ನುಣ್ಣಗೆ ಕಣೇ," ಎಂದರು ಮಾವ.

"ಹತ್ತಿರದ ಬೆಟ್ಟ ಎಷ್ಟು ನುಣ್ಣಗಿದೆ ಅಂತ ನಲವತ್ತು ವರ್ಷದಿಂದ ನೋಡ್ತಾನೇ ಇದೀನಲ್ಲ."

"ಅದೂ ಈ ಟೈಮಲ್ಲಾ?" ಮಗ ಚಮಚ ಕೆಳಗಿಟ್ಟ. "ಇಡೀ ಊರಿನ ಕಂಬಳಿ ತೊಳೆಯೋಕೆ ಬರೋ ಟೈಮು ಅಮ್ಮ!"

ಅವನ ಮಾತು ಸುಳ್ಳಲ್ಲ. ಊರಿನವರು ಈ ಮನೆಯನ್ನು ಕರೆಯುತ್ತಿದ್ದುದೇ ಕಂಬಳಿ ಮನೆ ಎಂದು. ಚಳಿಗಾಲ ಮುಗಿದ ಮೇಲೆ ಮನೆಮನೆಯ ಕಂಬಳಿ, ರಗ್ಗು, ಉಣ್ಣೆಯ ಕೋಟು, ಲಾಡ್ಜುಗಳ ಹಾಸಿಗೆ ಹೊದಿಕೆ ಎಲ್ಲ ಇಲ್ಲಿಗೇ ಬರಬೇಕು. ಮಗ ವ್ಯಾನಿನಲ್ಲಿ ತರುತ್ತಿದ್ದ, ಮಾವ ಮನೆಯ ಮುಂಭಾಗದ ಅಂಗಡಿಯಲ್ಲಿ ನಂಬರು ಹಾಕಿ ಇಸ್ತ್ರಿ ಮಾಡುತ್ತಿದ್ದರು, ಸೊಸೆ ಒಣಗಿಸಿ ಹರಿದದ್ದಕ್ಕೆ ಹೊಲಿಗೆ ಹಾಕುತ್ತಿದ್ದಳು. ತೊಳೆಯುವುದು ಮಾತ್ರ ಅತ್ತೆ. ಉಣ್ಣೆಗೆ ನೀರು ಚೂರು ಬಿಸಿಯಾದರೂ ಮೂರಾಳಿನ ಕಂಬಳಿ ಮಗುವಿನ ಶಾಲಾಗುತ್ತದೆ. ಆ ಹದ ಅತ್ತೆಯ ಬೆರಳಿಗೆ ಬಿಟ್ಟು ಬೇರೆ ಯಾರಿಗೂ ತಿಳಿಯದು. ಎಷ್ಟು ಸಲ ಕೇಳಿದರೂ "ಕೈಗೆ ಗೊತ್ತಾಗುತ್ತೆ" ಅನ್ನುವುದೊಂದೇ ಉತ್ತರ.

ಸೊಸೆಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು. ಅರವತ್ತೊಂದರ ಅತ್ತೆಗೆ ಹೊಳೆದದ್ದು ಮೂವತ್ತೇಳರ ತನಗೆ ಯಾಕೆ ಹೊಳೆಯಲಿಲ್ಲ ಎಂದು. ಭಯ ಬಂದದ್ದು ಆಮೇಲೆ: ಹದಿನೈದು ದಿನ ತೊಟ್ಟಿಯ ಮುಂದೆ ನಿಲ್ಲಬೇಕಾದವಳು ಯಾರು ಅನ್ನುವುದಕ್ಕೆ ಜಾತಕ ನೋಡಿಸಬೇಕಿರಲಿಲ್ಲ.

ಪಾಸ್‌ಪೋರ್ಟಿಗೆಂದು ಇಬ್ಬರೂ ಬೆಟ್ಟದ ಕೆಳಗಿನ ಪೇಟೆಗೆ ಬಸ್ಸಿನಲ್ಲಿ ಇಳಿದರು. ಕಚೇರಿಯಲ್ಲಿ ಗಾಜಿನ ಹಿಂದೆ ಒಬ್ಬ ಹುಡುಗಿ ಕೂತಿದ್ದಳು. ಫೋಟೋ ಆಯಿತು, ಸಹಿ ಆಯಿತು. ಆಮೇಲೆ ಬೆರಳು.

"ಅಜ್ಜಿ, ಇಲ್ಲಿ ಒತ್ತಿ."

ಅತ್ತೆ ಒತ್ತಿದರು. ಯಂತ್ರ ಕೆಂಪು ದೀಪ ತೋರಿಸಿತು. ಒರೆಸಿ ಒತ್ತಿದರೂ ಕೆಂಪು, ಎಡಗೈಯದು ಒತ್ತಿದರೂ ಕೆಂಪು. ಹತ್ತೂ ಬೆರಳು ಮುಗಿಸಿ ಹುಡುಗಿ ಎದ್ದು ಬಂದು ಅತ್ತೆಯ ಕೈಯನ್ನೇ ಹಿಡಿದು ನೋಡಿದಳು.

"ಗೆರೆನೇ ಇಲ್ವಲ್ಲ ಅಜ್ಜಿ. ಪೂರ್ತಿ ಸವೆದುಹೋಗಿದೆ. ಏನ್ ಕೆಲಸ ನಿಮ್ದು?"

"ಕಂಬಳಿ ತೊಳೆಯೋದು. ಸವೆದಿದೆ ಅಂದ್ರೆ ದುಡಿದಿದೆ ಅಂತ. ಅದಕ್ಕೆ ಶಿಕ್ಷೆನಾ?"

"ಶಿಕ್ಷೆ ಅಲ್ಲ, ರೂಲ್ಸು. ಗುರುತು ಬರದೆ ಪಾಸ್‌ಪೋರ್ಟ್ ಬರಲ್ಲ. ಮೂರು ವಾರ ಸೋಪು ನೀರಿಗೆ ಕೈ ಹಾಕ್ಬೇಡಿ. ದಿನಾ ಎಣ್ಣೆ ಹಚ್ಚಿ. ಚರ್ಮ ಬೆಳೆಯುತ್ತೆ, ಗೆರೆನೂ ಬರುತ್ತೆ. ತಿಂಗಳ ಕೊನೆಗೆ ಇನ್ನೊಂದು ಸಲ ನೋಡೋಣ. ಆಗ್ಲೂ ಬರ್ಲಿಲ್ಲ ಅಂದ್ರೆ ಅರ್ಜಿ ಮೇಲಿನ ಆಫೀಸಿಗೆ ಹೋಗುತ್ತೆ, ಆರು ತಿಂಗಳು ಹಿಡಿಯುತ್ತೆ."

ಟೀಚರಮ್ಮನ ಪಟ್ಟಿ ತಿಂಗಳ ಕೊನೆಗೇ ಮುಚ್ಚುತ್ತಿತ್ತು. ಅಂದರೆ ಇರುವುದು ಒಂದೇ ಸಲ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ತಮ್ಮ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ನೋಡುತ್ತ ಕೂತಿದ್ದರು. ನೀರು, ಸೋಪು, ಉಣ್ಣೆ ಸೇರಿ ಆ ಬೆರಳ ತುದಿಗಳನ್ನು ಹಳೇ ಚಮಚದ ಹಾಗೆ ನಯಮಾಡಿದ್ದವು.

"ಮೂರು ವಾರ ನಾನು ತೊಟ್ಟಿ ಮುಟ್ಟಲ್ಲ," ಎಂದರು ಅತ್ತೆ, ಊರು ಕಾಣಿಸತೊಡಗಿದಾಗ. "ನೀನು ಮುಟ್ಟು."

ಮನೆಯಲ್ಲಿ ಇದನ್ನು ಹೇಳಿದಾಗ ಮಗ ತಲೆಯ ಮೇಲೆ ಕೈ ಹೊತ್ತು ಕೂತ. "ಹದಿನೈದು ದಿನ ಅಂದ್ಯಲ್ಲಮ್ಮ. ಈಗ ಅದರ ಹಿಂದೆ ಮೂರು ವಾರ ಬಂತಾ?"

"ಬೆರಳಿಗೆ ರಜೆ. ನನಗಲ್ಲ."

ಆದರೆ ಬೆರಳಿಗೆ ರಜೆ ಕೊಟ್ಟರೆ ಆ ಮನೆಯಲ್ಲಿ ಎಷ್ಟೆಲ್ಲ ನಿಲ್ಲುತ್ತದೆ ಎಂದು ತಿಳಿದದ್ದು ಮರುದಿನ ಬೆಳಿಗ್ಗೆ. ಮೊಮ್ಮಗಳು ಅಜ್ಜಿಯ ಕೈಗೆ ಎಣ್ಣೆ ಹಚ್ಚಿ, ಹತ್ತಿಯ ಕೈಗವಸು ತೊಡಿಸಿ, ಮಣಿಕಟ್ಟಿಗೆ ರಿಬ್ಬನ್ ಕಟ್ಟಿದಳು. "ಇದನ್ನ ಬಿಚ್ಚಿದ್ರೆ ನನಗೆ ಗೊತ್ತಾಗುತ್ತೆ. ನನ್ನ ಗಂಟೇ ಬೇರೆ." ಪಾತ್ರೆ ಅವಳ ಪಾಲಿಗೆ ಬಂತು. ಅಡುಗೆ ಮಾವನ ಪಾಲಿಗೆ. ಮಾವ ಮೊದಲ ದಿನ ಮೊಟ್ಟೆ ಬೇಯಿಸಿದರು. ಎರಡನೇ ದಿನ ಮೊಟ್ಟೆ ಬೇಯಿಸಿದರು. ಮೂರನೇ ದಿನ ಇವತ್ತು ಬೇರೆ ಏನೋ ಇದೆ ಎಂದು ಎಲ್ಲರನ್ನೂ ಕೂರಿಸಿ, ಮೊಟ್ಟೆಯ ಮೇಲೆ ಮೆಣಸಿನಪುಡಿ ಹಾಕಿದ್ದನ್ನು ತಂದಿಟ್ಟರು.

"ರೀ, ಆಲೂಗಡ್ಡೆ ಅಂತ ಒಂದಿದೆ," ಎಂದರು ಅತ್ತೆ.

"ಸಿಪ್ಪೆ ತೆಗೀಬೇಕಲ್ಲ."

"ಹೌದು. ನಲವತ್ತು ವರ್ಷದಿಂದ ಅದು ತಾನಾಗೇ ಬಿಚ್ಚಿಕೊಳ್ತಿತ್ತು ಅಂದ್ಕೊಂಡ್ರಾ?"

ಹಿತ್ತಲಿನಲ್ಲಿ ಸೊಸೆಯ ಪಾಡು ಬೇರೆ. ಮೊದಲ ವಾರವೇ ಪಕ್ಕದ ಬೀದಿಯ ಬೇಕರಿಯವನ ಕಂದು ಕಂಬಳಿ ಅವಳ ಕೈಯಲ್ಲಿ ಅರ್ಧಕ್ಕರ್ಧ ಕುಗ್ಗಿ ಹಲಗೆಯಷ್ಟು ಗಟ್ಟಿಯಾಯಿತು. ಹಂಡೆಯ ಬೆಂಕಿ ಜಾಸ್ತಿಯಾಯಿತು ಎಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗಂಡ ಗೊಣಗಿದ. ಅವಳು ಒದ್ದೆ ಕೈಯಲ್ಲೇ ತಿರುಗಿ ನಿಂತಳು.

"ನೀವೇ ಕುಣೀರಿ ಹಾಗಾದ್ರೆ. ತೊಟ್ಟಿ ಇಲ್ಲೇ ಇದೆ."

ಅವನು ವ್ಯಾನಿನ ಕೀಲಿ ತೆಗೆದುಕೊಂಡು ಹೋದ. ಬೇಕರಿಯವನಿಗೆ ಹೊಸ ಕಂಬಳಿ ಕೊಡಬೇಕಾಯಿತು.

ಅತ್ತೆ ಇದನ್ನೆಲ್ಲ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದರು. ಬಂದು ಬೈದಿದ್ದರೆ ಸೊಸೆಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ಬಿಳಿ ಕೈಗವಸು ತೊಟ್ಟು, ರಾಣಿಯ ಹಾಗೆ ಬೀದಿಯುದ್ದ ನಡೆದು ಹೋಗುತ್ತಿದ್ದರು. ಕೆಲಸವಿಲ್ಲದ ಅತ್ತೆಯನ್ನು ಆ ಬೀದಿ ನೋಡಿದ್ದೇ ಮೊದಲು. ಟೀಚರಮ್ಮನ ಮನೆಯಲ್ಲಿ ಕೂತು ಹೊರದೇಶದ ಮಾತು ಕಲಿಯುತ್ತಿದ್ದರು: ನಮಸ್ಕಾರ, ನೀರು, ಎಷ್ಟು, ಬೇಡ. "ಬೇಡ" ಅನ್ನುವುದನ್ನು ಮನೆಯಲ್ಲಿ ಎಲ್ಲರ ಮೇಲೂ ಅಭ್ಯಾಸ ಮಾಡಿದರು. ಮಾವ ಮೊಟ್ಟೆ ತಂದಾಗಲೆಲ್ಲ ಆ ಭಾಷೆಯಲ್ಲೇ ಬೇಡ ಅನ್ನುತ್ತಿದ್ದರು.

ದಿನಾ ಸಂಜೆ ಮೊಮ್ಮಗಳು ಅಂಗಡಿಯ ಸ್ಟಾಂಪ್ ಪ್ಯಾಡಿನಲ್ಲಿ ಅಜ್ಜಿಯ ಹೆಬ್ಬೆರಳು ಒತ್ತಿ, ಕಾಗದದ ಮೇಲೆ ಗುರುತು ತೆಗೆದು, ತಾರೀಕು ಬರೆದು ಗೋಡೆಗೆ ಅಂಟಿಸುತ್ತಿದ್ದಳು. ಮೊದಲ ದಿನ ಬರೀ ಒಂದು ನೀಲಿ ಚುಕ್ಕೆ. ಐದನೇ ದಿನವೂ ಚುಕ್ಕೆಯೇ. ಎಂಟನೇ ದಿನ ಅಂಚಿನಲ್ಲಿ ಎರಡು ಗೆರೆ ಕಂಡಾಗ ಅವಳು ಕಿರುಚಿದ ರಭಸಕ್ಕೆ ಮಾವ ಇಸ್ತ್ರಿಪೆಟ್ಟಿಗೆ ಬಿಟ್ಟು ಓಡಿಬಂದರು. ಮಗನೂ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ.

ಹನ್ನೊಂದನೇ ದಿನ ಪ್ಯಾಡಿನ ಮಸಿ ಒಣಗಿತ್ತು. "ಅದಕ್ಕೇನಂತೆ," ಎಂದು ಮಾವ ತಮ್ಮ ಮೇಜಿನಿಂದ ಬಾಟಲಿ ತಂದು ಹೆಂಡತಿಯ ಹೆಬ್ಬೆರಳಿಗೆ ತಾವೇ ಬಳಿದರು. ಕಾಗದಕ್ಕೆ ಒತ್ತಿದ್ದೂ ಆಯಿತು. ಚೆನ್ನಾಗಿಯೇ ಬಂತು. ಒರೆಸಲು ಹೋದಾಗ ಸೊಸೆಯ ಕಣ್ಣು ಬಾಟಲಿಯ ಮೇಲೆ ಬಿತ್ತು.

"ಮಾವ, ಇದು ಕಂಬಳಿಗೆ ನಂಬರ್ ಹಾಕೋ ಮಸಿ ಅಲ್ವಾ?"

ಮಾವನ ಮುಖ ಇಂಗು ತಿಂದ ಮಂಗನಂತಾಯಿತು. ಮೂವತ್ತು ಸಲ ತೊಳೆದರೂ ಹೋಗಬಾರದು ಎಂದೇ ತರಿಸಿದ್ದ ಮಸಿ ಅದು. ತೆಗೆಯಬೇಕೆಂದರೆ ಕಲ್ಲಿಗೆ ಉಜ್ಜಬೇಕು. ಉಜ್ಜಿದರೆ ಈಗಷ್ಟೇ ಹುಟ್ಟಿದ ಗೆರೆಯೂ ಹೋಗುತ್ತದೆ.

"ನನಗೂ ನಂಬರ್ ಹಾಕ್ಬಿಟ್ರಲ್ಲ!" ಅತ್ತೆ ಕಪ್ಪು ಹೆಬ್ಬೆರಳನ್ನು ಮಾವನ ಮೂಗಿನ ಮುಂದೆ ಹಿಡಿದರು. "ಬೇಕಂತಲೇ ಮಾಡಿದ್ರಾ, ನಿಜ ಹೇಳಿ."

"ದೇವರಾಣೆ ಇಲ್ಲ ಕಣೇ." ಮಾವ ಬಾಟಲಿಯ ಮುಚ್ಚಳ ಬಿಗಿದರು. "ನೀನು ಹೋಗೋದು ನನಗಿಷ್ಟ ಇಲ್ಲ, ಅದು ಬೇರೆ. ಹದಿನೈದು ದಿನ ಈ ಮನೇಲಿ ಏನ್ ಮಾಡ್ಲಿ ಅಂತ ಒಂದೊಂದ್ಸಲ ಹೆದರಿಕೆ ಆಗುತ್ತೆ. ಆದ್ರೆ ಮೋಸ ಮಾಡೋನಲ್ಲ ನಾನು."

ಅತ್ತೆ ಕೈ ಕೆಳಗಿಳಿಸಿದರು. ಅವತ್ತು ಮಾವ ಯಾರೂ ಹೇಳದೆಯೇ ಆಲೂಗಡ್ಡೆಯ ಸಿಪ್ಪೆ ತೆಗೆದರು. ಅರ್ಧ ಗಡ್ಡೆ ಸಿಪ್ಪೆಯ ಜತೆಗೇ ಹೋಯಿತು, ಆದರೂ ಯಾರೂ ಆಡಿಕೊಳ್ಳಲಿಲ್ಲ.

ಮೂರನೇ ವಾರ ಕೆರೆಯ ಹತ್ತಿರದ ಲಾಡ್ಜಿನಿಂದ ಹನ್ನೆರಡು ಕಂಬಳಿ ಬಂದವು. ಬಿಳಿ ಮೈ, ಕೆಂಪು ಅಂಚು, ಹೊಚ್ಚಹೊಸವು. ಅಷ್ಟರಲ್ಲಿ ಸೊಸೆಗೆ ಚೂರು ಧೈರ್ಯ ಬಂದಿತ್ತು. ನೀರಿನ ಹದ ಹತ್ತರಲ್ಲಿ ಎಂಟು ಸಲ ಸಿಗುತ್ತಿತ್ತು. ನಾಲ್ಕು ಕಂಬಳಿ ಒಟ್ಟಿಗೆ ನೆನೆಹಾಕಿ, ಹಗ್ಗದ ಮೇಲಿನವನ್ನು ಮಗುಚಿ ಹಾಕಿ ಬರುವಷ್ಟರಲ್ಲಿ ತೊಟ್ಟಿಯ ನೀರು ಗುಲಾಬಿಯಾಗಿತ್ತು. ಅಂಚಿನ ಬಣ್ಣ ಬಿಡುತ್ತಿತ್ತು.

"ಅತ್ತೇ!" ಎಂದು ಕೂಗಿದಳು.

ಅತ್ತೆ ಓಡಿಬಂದರು. ಆಗಷ್ಟೇ ವ್ಯಾನು ನಿಲ್ಲಿಸಿದ್ದ ಮಗನೂ ಬಂದ. ನೀರು ನೋಡಿದವನೇ ಬಿಳಿಚಿಕೊಂಡ. ಆ ಲಾಡ್ಜಿನದು ಅವರ ವರ್ಷದ ದೊಡ್ಡ ಕೆಲಸ.

"ಅಮ್ಮ, ಕೈ ಹಾಕು. ಎರಡೇ ನಿಮಿಷ. ಎರಡು ನಿಮಿಷಕ್ಕೆ ನಿನ್ನ ಗೆರೆ ಏನೂ ಅಳಿಸಲ್ಲ."

ಅತ್ತೆ ಅಲುಗಲಿಲ್ಲ.

"ನಿನಗೆ ಮಾತ್ರ ಗೊತ್ತಿರೋದು ಇದು. ಕಣ್ಣೆದುರೇ ಹಾಳಾಗ್ತಿದೆ ನೋಡು!"

"ನಾನು ಕೈ ಹಾಕಿದ್ರೆ ಎರಡು ನಿಮಿಷಕ್ಕೆ ತೆಗೆಯಲ್ಲ ಕಣೋ," ಎಂದರು ಅತ್ತೆ. "ಸಂಜೆವರೆಗೂ ತೆಗೆಯಲ್ಲ. ನನ್ನ ಕೈ ನನಗೆ ಗೊತ್ತು."

"ನಿನ್ನ ಹಟಕ್ಕೆ ಮನೆ ಹೆಸರು ಹೋಗುತ್ತಮ್ಮ!"

"ಹೆಸರನ್ನ ನಲವತ್ತು ವರ್ಷ ನಾನು ಕಾಪಾಡ್ದೆ. ಇನ್ನು ಮೂರು ದಿನ ನೀವು ಕಾಪಾಡಿ. ಆಗ್ಲಿಲ್ವಾ, ಹೋಗ್ಲಿ."

ಹೇಳಿದ್ದು ಗಟ್ಟಿಯಾಗಿಯೇ. ಆದರೆ ಅವರ ಕಣ್ಣಲ್ಲಿ ನೀರು ತುಂಬಿದ್ದನ್ನೂ, ಎರಡೂ ಕೈಗಳನ್ನು ಕಂಕುಳಲ್ಲಿ ಅದುಮಿ ಹಿಡಿದಿದ್ದನ್ನೂ ಸೊಸೆ ನೋಡಿದಳು. ಒಂದು ಕಲೆ ಕಂಡರೆ ಜ್ವರದಲ್ಲೂ ಎದ್ದು ಬರುತ್ತಿದ್ದ ಹೆಂಗಸು, ನಾಲ್ಕು ಹೊಸ ಕಂಬಳಿ ಕೆಡುವುದನ್ನು ನೋಡುತ್ತ ನಿಂತಿದ್ದರು. ತನಗೆ ಬೇಕಾದದ್ದನ್ನು ಇಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುವುದು ಸೊಸೆಗೆ ಯಾವತ್ತೂ ಬಂದಿರಲಿಲ್ಲ. ಅವಳಿಗೆ ಅತ್ತೆಯ ಮೇಲೆ ಎಲ್ಲಿಲ್ಲದ ಅಭಿಮಾನ ಉಕ್ಕಿತು. ತೋಳು ಮಡಚಿದಳು.

"ನೀವು ಬಾಯಲ್ಲಿ ಹೇಳಿ ಅತ್ತೆ. ನಾನು ಮಾಡ್ತೀನಿ."

"ಬಾಯಲ್ಲಿ ಹೇಳೋದಲ್ಲ ಅದು..."

"ಹೇಳಿ!"

ಅತ್ತೆ ತೊಟ್ಟಿಯ ಮೇಲೆ ಬಗ್ಗಿದರು. ಆಮೇಲೆ ಶುರು ಮಾಡಿದರು. "ಈ ನೀರು ಹೊರಗೆ ಬಿಡು ಮೊದಲು. ಪೂರ್ತಿ ಬಿಡು. ಹಿಂಡಬೇಡ, ಹಿಂಡಿದ್ರೆ ಬಣ್ಣ ಒಳಗೆ ಕೂರುತ್ತೆ. ತಣ್ಣೀರು ಹಾಕು. ವಿನೆಗರ್ ತಗೊಂಡು ಬಾರೋ, ನಿಂತು ನೋಡ್ತೀಯಲ್ಲ!" ಮಗ ಓಡಿದ. "ಆಡಿಸ್ತಾ ಇರು. ಒಂದು ಕಡೆ ನಿಲ್ಲೋಕೆ ಬಿಡಬೇಡ, ನಿಂತಲ್ಲಿ ಕಲೆ ಆಗುತ್ತೆ. ಕೈಗೆ ಹೇಗಿದೆ?"

"ತಣ್ಣಗಿದೆ."

"ನೀರಲ್ಲ ಕಣೇ, ಉಣ್ಣೆ!"

"ಜಾರ್ತಿದೆ."

"ಜಾರ್ತಿದ್ರೆ ಸೋಪು ಇನ್ನೂ ಇದೆ. ಸೋಪಿರೋವರೆಗೂ ಬಣ್ಣ ಬಿಡ್ತಾನೇ ಇರುತ್ತೆ. ಇನ್ನೊಂದು ನೀರು. ಈಗ?"

"ಜಾರ್ತಿದೆ. ಕಮ್ಮಿ."

"ಇನ್ನೊಂದು."

ಆರನೆಯ ನೀರಿಗೆ ಸೊಸೆಯ ಕೈ ಮೊಣಕೈವರೆಗೂ ಮರಗಟ್ಟಿತ್ತು. ಏಳನೆಯದಕ್ಕೆ ಅವಳು ತಟ್ಟನೆ ತಲೆ ಎತ್ತಿದಳು. "ಬೆರಳನ್ನ ಹಿಡಿದುಕೊಳ್ತಿದೆ ಅತ್ತೆ. ಕಿರ್ ಅಂತ."

"ಅದೇ!" ಅತ್ತೆ ಹೆಚ್ಚುಕಮ್ಮಿ ಕುಣಿದರು. "ಅದನ್ನೇ ಹದಿನಾರು ವರ್ಷದಿಂದ ನಿನಗೆ ಹೇಳ್ಬೇಕು ಅಂತಿದ್ದೆ."

"ನೀವು ಒಂದು ದಿನಾನೂ ಹೇಳಿಲ್ಲ."

"ಕೈ ನೀರಲ್ಲಿದ್ರೆ ಬಾಯಿಗೆ ಬರ್ತಿರಲಿಲ್ಲ ಕಣೇ."

ಮೂರು ಕಂಬಳಿ ಉಳಿದವು. ತಳದಲ್ಲಿದ್ದ ನಾಲ್ಕನೆಯದರ ಮಧ್ಯೆ ತಟ್ಟೆಯಗಲದ ಗುಲಾಬಿ ಕಲೆ ಕೂತೇಬಿಟ್ಟಿತು. ಉಳಿದವನ್ನೂ ತೊಳೆದು ಒಣಗಿಸಿದ ಮೇಲೆ ಸೊಸೆ ಅದನ್ನು ಮುಚ್ಚಿಡದೆ ಲಾಡ್ಜಿನ ಒಡತಿಯ ಮುಂದೆ ಹರಡಿ, ತಪ್ಪು ತನ್ನದು, ನೆನೆಹಾಕುವ ಮೊದಲು ಅಂಚು ಪರೀಕ್ಷೆ ಮಾಡಲಿಲ್ಲ ಎಂದಳು. ಒಡತಿ ಅದನ್ನು ತಿರುವಿ ಮುರುವಿ ನೋಡಿ, "ನಿಮ್ಮತ್ತೆ ತೊಳೆದಿದ್ರೆ ಹೀಗಾಗ್ತಿರಲಿಲ್ಲ," ಎಂದಳು. "ಹೌದು," ಎಂದಳು ಸೊಸೆ. ಅವಳ ಪಕ್ಕ ನಿಂತಿದ್ದ ಗಂಡ ಗಂಟಲು ಸರಿಪಡಿಸಿಕೊಂಡು, "ಉಳಿದ ಹನ್ನೊಂದನ್ನ ನೋಡಿ. ಅದನ್ನ ತೊಳೆದಿದ್ದೂ ಇವಳೇ," ಎಂದ. ಒಡತಿ ಕಲೆಯದನ್ನು ತನ್ನ ಮಂಚಕ್ಕೆ ಇಟ್ಟುಕೊಂಡಳು.

ತಿಂಗಳ ಕೊನೆಯ ದಿನ ಕಚೇರಿಗೆ ಇಡೀ ಮನೆಯೇ ಹೊರಟಿತು, ಅಂಗಡಿಗೆ ಬೀಗ. ಗಾಜಿನ ಹಿಂದೆ ಅದೇ ಹುಡುಗಿ. ಮೊಮ್ಮಗಳು ರಿಬ್ಬನ್ ಬಿಚ್ಚಿದಳು. ಅತ್ತೆ ಮೊದಲು ಎಡಗೈ ಚಾಚಿದರು. ಮೊದಲ ಬೆರಳಿಗೆ ಹಸಿರು. ಎರಡನೆಯದಕ್ಕೆ ಹಸಿರು. ಮೊಮ್ಮಗಳು ಜೋರಾಗಿ ಎಣಿಸತೊಡಗಿದಳು, ಕಾಯುತ್ತ ಕೂತಿದ್ದ ಅಪರಿಚಿತರೂ ಕತ್ತು ಚಾಚಿದರು. ಒಂಬತ್ತಾದವು. ಬಲಗೈಯ ಹೆಬ್ಬೆರಳಿಗೆ ಕೆಂಪು.

"ಇದೇನಿದು ಬೂದಿ ಬಣ್ಣ?" ಹುಡುಗಿ ಬಗ್ಗಿ ನೋಡಿದಳು.

"ನಮ್ಮಂಗಡಿ ಮಸಿ ಅಮ್ಮ," ಎಂದರು ಮಾವ ಮುಂದೆ ಬಂದು. "ಮೂವತ್ತು ಸಲ ತೊಳೆದ್ರೂ ಹೋಗಲ್ಲ." ಇಂಥ ಹೊತ್ತಿನಲ್ಲೂ ಅವರ ದನಿಯಲ್ಲಿ ಹೆಮ್ಮೆ ಇಣುಕಿತು.

"ರೀ, ಬಾಯಿ ಮುಚ್ಚಿ," ಎಂದರು ಅತ್ತೆ.

ಎರಡನೇ ಸಲವೂ ಕೆಂಪೇ. ಹುಡುಗಿ ಎದ್ದು ಬಂದು ತನ್ನ ಕರವಸ್ತ್ರ ತೆಗೆದು ಯಂತ್ರದ ಗಾಜನ್ನು ಒರೆಸಿದಳು, ಅತ್ತೆಯ ಹೆಬ್ಬೆರಳನ್ನು ತನ್ನ ಎರಡು ಅಂಗೈಗಳ ನಡುವೆ ಹಿಡಿದು ಬೆಚ್ಚಗೆ ಮಾಡಿ, ತಾನೇ ಮೆಲ್ಲಗೆ ಗಾಜಿನ ಮೇಲಿಟ್ಟು ಒತ್ತಿದಳು. ಮಗ ಯಂತ್ರವನ್ನೇ ದುರುಗುಟ್ಟಿ ನೋಡುತ್ತಿದ್ದ.

ಹಸಿರು.

ಮೊದಲು ಚಪ್ಪಾಳೆ ತಟ್ಟಿದವನು ಮಗ. ಆಮೇಲೆ ನಾಚಿಕೊಂಡು ಕೈ ಜೇಬಿಗಿಳಿಸಿದ.

ಹೊರಡುವ ಬೆಳಿಗ್ಗೆ ಚೌಕದಲ್ಲಿ ಬಸ್ಸು ನಿಂತಿತ್ತು. ಹನ್ನೊಂದು ಹೆಂಗಸರು ತಮ್ಮತಮ್ಮ ಮನೆಯವರಿಗೆ ಒಂದೇ ಸಮನೆ ಅಪ್ಪಣೆ ಕೊಡುತ್ತಿದ್ದರು: ಗ್ಯಾಸು ಆರಿಸಿ, ಮಾತ್ರೆ ಮರೀಬೇಡಿ, ಗಿಡಕ್ಕೆ ನೀರು ಹಾಕಿ. ಕಂಬಳಿ ಮನೆಯವರೂ ಸಾಲಾಗಿ ನಿಂತು ಕಾದರು. ಅತ್ತೆ ಹೊಸ ಶೂ ಹಾಕಿಕೊಂಡು ಸುತ್ತ ನೋಡುತ್ತಿದ್ದರೇ ಹೊರತು ಒಂದು ಮಾತೂ ಆಡಲಿಲ್ಲ.

"ಏನಾದ್ರೂ ಹೇಳೋದಿದ್ಯಾ ಅತ್ತೆ?" ಎಂದು ಸೊಸೆಯೇ ಕೇಳಿದಳು.

ಅತ್ತೆ ಯೋಚಿಸಿದರು. "ಇಲ್ಲ," ಎಂದರು. ಆಮೇಲೆ, "ವಾಪಸು ಬರೋವಾಗ ನನಗೆ ಹಸಿವಾಗಿರುತ್ತೆ. ಮೊಟ್ಟೆ ಬಿಟ್ಟು ಏನಾದ್ರೂ ಮಾಡಿರಿ."

ಮೆಟ್ಟಿಲು ಹತ್ತಿ ಕಿಟಕಿಯ ಪಕ್ಕ ಕೂತರು. ಬಸ್ಸು ಹೊರಟಿತು. ಉಳಿದ ಕಿಟಕಿಗಳಿಂದ ಕೈಗಳು ಹೊರಬಂದು ಬೀಸಿದವು. ಅತ್ತೆಯ ಕಿಟಕಿಯಿಂದ ಬರಲಿಲ್ಲ. ಅವರು ಹಣೆಯನ್ನು ಗಾಜಿಗೆ ಒತ್ತಿಕೊಂಡು ಮುಂದಿನ ತಿರುವನ್ನೇ ನೋಡುತ್ತಿದ್ದರು. ಬಸ್ಸು ತಿರುವು ದಾಟಿ ಮರೆಯಾಯಿತು. ಮಾವ ಎತ್ತಿದ ಕೈ ಎತ್ತಿದಂತೆಯೇ ಇತ್ತು.

"ಒಂದ್ಸಲನೂ ತಿರುಗಿ ನೋಡ್ಲಿಲ್ವಲ್ಲಮ್ಮ ಅವಳು," ಎಂದರು.

ಸೊಸೆ ಅವರ ಕೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.

"ಯಾಕ್ ನೋಡ್ಬೇಕು ಮಾವ? ಹಿಂದೆ ಇರೋದೆಲ್ಲ ಅವರು ನೋಡಿ ಆಗಿದೆ."